ಮೌನದ ವಾರದಲ್ಲಿ ಒಂದು ಮಸಾಲೆ ದೋಸೆ

ಬಡ್ಡಿ ದರ ನಿಗದಿ ಮಾಡುವ ಕಚೇರಿಯಲ್ಲಿ ನಗು ಬರುವಂಥದ್ದು ಏನಿರುತ್ತದೆ ಎಂದು ಜನ ನನ್ನನ್ನು ಕೇಳುತ್ತಾರೆ. ಅಲ್ಲಿ ನಗಿಸಬೇಕೆಂದು ಯಾರೂ ಏನನ್ನೂ ಮಾಡುವುದಿಲ್ಲ. ಅದಕ್ಕೇ ನಗು ಬರುವಂಥ ಪ್ರಸಂಗಗಳು ಎರಡು ತಿಂಗಳಿಗೊಮ್ಮೆ ತಪ್ಪದೆ ನಡೆಯುತ್ತವೆ.

ಆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ಈಚೆಗೆ ನಿವೃತ್ತಳಾದೆ. ಎರಡು ತಿಂಗಳಿಗೊಮ್ಮೆ ಆರು ಜನ ದೊಡ್ಡವರು ಮೇಜಿನ ಸುತ್ತ ಕೂತು, ಬಡ್ಡಿ ದರ ಏರಬೇಕೋ ಇಳಿಯಬೇಕೋ ಇದ್ದಲ್ಲೇ ಇರಬೇಕೋ ಎಂದು ತೀರ್ಮಾನಿಸುತ್ತಾರೆ. ಅದಕ್ಕೆ ಮೊದಲು, ಯಾವ ಊರಲ್ಲಿ ವ್ಯಾಪಾರ ಹೇಗಿದೆ, ಜನ ಕೊಳ್ಳುತ್ತಿದ್ದಾರೋ ಬರೀ ನೋಡಿ ಹೋಗುತ್ತಿದ್ದಾರೋ ಎಂಬ ವರದಿಯನ್ನು ನಮ್ಮ ವಿಭಾಗ ಅವರಿಗೆ ಕೊಡಬೇಕು. ಆ ವರದಿಯ ಭಾಷೆ ತಿದ್ದುವುದು ನನ್ನ ಕೆಲಸ. ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಬೆನ್ನು ನೆಟ್ಟಗಿರಬೇಕು, ವಾಕ್ಯ ಪೂರ್ತಿಯಾಗಿರಬೇಕು, ತಟ್ಟೆಯಲ್ಲಿ ಏನೂ ಉಳಿಯಬಾರದು. ಈ ಮೂರರಲ್ಲಿ ನಮ್ಮ ಸಿಸ್ಟರ್ ಯಾವತ್ತೂ ರಾಜಿ ಮಾಡಿಕೊಂಡವರಲ್ಲ. ನಾನೂ ಇಲ್ಲ.

೧. ಭಿನ್ನಮತ

ಒಂದು ಮಧ್ಯಾಹ್ನ ವರದಿಯ ಕರಡಿನ ಮೇಲೆ ಚರ್ಚೆ. ಪಶ್ಚಿಮ ವಲಯದಲ್ಲಿ ಬೇಡಿಕೆ ‘ಹೆಚ್ಚಿದೆ’ ಎಂದು ಒಬ್ಬರು ಬರೆದಿದ್ದರು. ಇನ್ನೊಬ್ಬರು ‘ಹೆಚ್ಚುವ ಲಕ್ಷಣ ತೋರಿದೆ’ ಎಂದು ಬದಲಿಸಿದರು. ಮೂರನೆಯವರು ‘ಹೆಚ್ಚುವ ಕೆಲವು ಆರಂಭಿಕ ಲಕ್ಷಣಗಳನ್ನು ತೋರಿದಂತೆ ಕಾಣುತ್ತದೆ’ ಎಂದರು. ಎಲ್ಲರಿಗೂ ಸಮಾಧಾನವಾಯಿತು. ಒಂದೂವರೆ ಗಂಟೆ ಹೋಯಿತು.

ಅಷ್ಟರಲ್ಲಿ ಎಸಿಯಿಂದ ಕೋಣೆ ವಿಪರೀತ ತಣ್ಣಗಾಗಿತ್ತು. ಸಹೋದ್ಯೋಗಿಯೊಬ್ಬರು ಕೈ ಉಜ್ಜಿಕೊಂಡು, “ಹೋದ ಸಭೆಗೆ ಹೋಲಿಸಿದರೆ ಇವತ್ತು ಸ್ವಲ್ಪ ಚಳಿಯ ಕಡೆಗೇ ವಾಲಿದೆ ಅನ್ನಿಸುತ್ತದೆ,” ಎಂದರು.

“ಒಂದು ದಿನದ ಚಳಿ ನೋಡಿ ತೀರ್ಮಾನಕ್ಕೆ ಬರುವುದು ಆತುರವಾದೀತು,” ಎಂದರು ಎರಡನೆಯವರು.

“ಕಿಟಕಿಯ ಪಕ್ಕ ಕೂತವರ ಅನುಭವ ಬೇರೆ ಇರಬಹುದು. ಪ್ರಾದೇಶಿಕ ವ್ಯತ್ಯಾಸಗಳನ್ನೂ ನೋಡಬೇಕು,” ಎಂದರು ಮೂರನೆಯವರು. ಅವರ ಹಲ್ಲು ಕಟಕಟ ಅನ್ನುತ್ತಿತ್ತು.

ನಮ್ಮ ಚೀಫ್ ಶಾಲನ್ನು ಎಳೆದುಕೊಂಡು, “ಸದ್ಯಕ್ಕೆ ಇದ್ದ ಹಾಗೇ ಇರಲಿ. ಮುಂದಿನ ಬೆಳವಣಿಗೆಗಳ ಮೇಲೆ ನಿಗಾ ಇಡೋಣ,” ಎಂದರು.

ನಾನು ಎದ್ದು ಹೋಗಿ ಎಸಿ ಆರಿಸಿದೆ.

ಮರುದಿನ ಸಭೆಯ ಟಿಪ್ಪಣಿ ಬಂತು. ಅದರಲ್ಲಿ ಹೀಗಿತ್ತು: ‘ಕೋಣೆಯ ಉಷ್ಣಾಂಶದ ಬಗ್ಗೆ ಯಥಾಸ್ಥಿತಿ ಕಾಯ್ದುಕೊಳ್ಳಲು ಸಭೆ ಬಹುಮತದಿಂದ ನಿರ್ಧರಿಸಿತು. ಒಬ್ಬ ಸದಸ್ಯೆಯ ಭಿನ್ನಮತವನ್ನು ದಾಖಲಿಸಲಾಗಿದೆ.’

೨. ತರಕಾರಿಯವನ ಪಂಚಾಂಗ

ದರ ಪ್ರಕಟವಾಗುವ ಮೊದಲಿನ ವಾರ ನಮ್ಮಲ್ಲಿ ಮೌನದ ವಾರ. ಬಡ್ಡಿ, ಬೆಲೆ, ಮಾರುಕಟ್ಟೆ, ಇವುಗಳ ಬಗ್ಗೆ ಹೊರಗಿನವರ ಮುಂದೆ ಬಾಯಿ ಬಿಡುವಂತಿಲ್ಲ. ಬಾಯಿ ಜಾರಿದರೆ ಅದನ್ನೇ ಸೂಚನೆ ಎಂದು ತಿಳಿದು ಯಾರಾದರೂ ವ್ಯಾಪಾರ ಮಾಡಿಯಾರು ಎಂಬ ಭಯ. ಬೇರೆಯವರು ಈ ನಿಯಮವನ್ನು ಕಚೇರಿಯಿಂದ ಹೊರಬಿದ್ದ ಕೂಡಲೇ ಮರೆಯುತ್ತಿದ್ದರು. ನಿಯಮಕ್ಕೆ ಬಾಗಿಲು ಎಲ್ಲಿದೆ ಎಂದು ನಾನು ಯಾವತ್ತೂ ಹುಡುಕಿದವಳಲ್ಲ.

ಮನೆಯಲ್ಲಿ ನಮ್ಮವರು, “ಟೊಮೆಟೊ ದುಬಾರಿಯಾಗಿದೆಯಂತೆ, ಹೌದಾ?” ಎಂದು ಕೇಳಿದರೆ, “ಆ ಬಗ್ಗೆ ಶುಕ್ರವಾರದ ತನಕ ನಾನು ಏನೂ ಹೇಳುವಂತಿಲ್ಲ,” ಎನ್ನುತ್ತಿದ್ದೆ. ಅವರು ಆ ವಾರವೆಲ್ಲ ಹುಣಸೆಹುಳಿಯ ಸಾರು ಉಂಡು ಸುಮ್ಮನಿರುತ್ತಿದ್ದರು.

ದಾದರ್ ಮಾರ್ಕೆಟ್ಟಿನ ತರಕಾರಿಯವನ ಜೊತೆ ಮಾತ್ರ ತೊಡಕಾಯಿತು. ಉಳಿದ ದಿನಗಳಲ್ಲಿ ನಾನು ಬಿಗಿಯಾಗಿ ಚೌಕಾಸಿ ಮಾಡುವವಳು. ಆದರೆ ಮೌನದ ವಾರದಲ್ಲಿ ‘ಜಾಸ್ತಿಯಾಯಿತು’ ಎಂದರೆ ಬೆಲೆಯ ಬಗ್ಗೆ ಅಭಿಪ್ರಾಯ ಹೇಳಿದಂತಾಯಿತು. ‘ಕಡಿಮೆ ಮಾಡು’ ಎಂದರೆ ಮಧ್ಯಪ್ರವೇಶ ಮಾಡಿದಂತಾಯಿತು. ಹಾಗಾಗಿ ಅವನು ಹೇಳಿದಷ್ಟು ಕೊಟ್ಟು ಬಂದೆ. ಮೊದಲ ಸಲ ಅವನು, “ಬಾಯಿ, ತಬ್ಯೇತ್ ಠೀಕ್ ಹೈ ನಾ?” ಎಂದು ನನ್ನ ಆರೋಗ್ಯ ವಿಚಾರಿಸಿದ. ಮೂರನೆಯ ಸಲದ ಹೊತ್ತಿಗೆ ಅವನಿಗೆ ಲೆಕ್ಕ ಸಿಕ್ಕಿತ್ತು. ಎರಡು ತಿಂಗಳಿಗೊಮ್ಮೆ, ಸರಿಯಾಗಿ ಅದೇ ವಾರ, ನನ್ನನ್ನು ಕಂಡ ಕೂಡಲೇ ಬೆಂಡೆಗೂ ಬದನೆಗೂ ಬೇರೆಯೇ ಬೆಲೆ ಬರುತ್ತಿತ್ತು.

ಒಮ್ಮೆ ಸಭೆಯ ದಿನಾಂಕ ಒಂದು ವಾರ ಮುಂದೆ ಹೋಯಿತು. ಮೌನದ ವಾರವಾಗಬೇಕಿದ್ದ ಸೋಮವಾರ ನಾನು ಎಂದಿನಂತೆ ಚೌಕಾಸಿ ಶುರುಮಾಡಿದೆ. ಅವನು ತಕ್ಕಡಿ ಕೆಳಗಿಟ್ಟು, ಪಕ್ಕದ ಅಂಗಡಿಯವನಿಗೆ ಕೂಗಿ ಹೇಳಿದ: “ಅರೇ, ಬಡೇ ಬ್ಯಾಂಕ್ ಕೀ ಮೀಟಿಂಗ್ ಆಗೇ ಗಯೀ.”

ಪತ್ರಿಕೆಗಳಿಗೆ ಆ ಸುದ್ದಿ ಸಂಜೆ ಸಿಕ್ಕಿತು.

೩. ಚಹಾ

ನಮ್ಮ ವಿಭಾಗಕ್ಕೆ ಹೊಸದಾಗಿ ಒಬ್ಬಳು ಅರ್ಥಶಾಸ್ತ್ರಜ್ಞೆ ಬಂದಿದ್ದಳು. ಹೆತ್ತವರು ಕನ್ನಡದವರು, ಆದರೆ ಹುಟ್ಟಿ ಬೆಳೆದದ್ದು ಬಾಂದ್ರಾದಲ್ಲಿ. ಅವಳ ಕನ್ನಡ ಪ್ರತಿ ಮೂರನೆಯ ಪದಕ್ಕೆ ನಿಂತು ಉಸಿರು ತೆಗೆದುಕೊಳ್ಳುತ್ತಿತ್ತು. ಕೂಲಿಯವರ ಅಭಿಪ್ರಾಯ ಕೇಳಿಕೊಂಡು ಬರಲು ಅವಳನ್ನೂ ನನ್ನನ್ನೂ ನಗರದಂಚಿನ ದಹಿಸರ್‌ಗೆ ಕಳಿಸಿದರು. ಅಲ್ಲೊಂದು ಬಿಲ್ಡಿಂಗ್ ಏಳುತ್ತಿತ್ತು. ಕೆಲಸದವರೆಲ್ಲ ಕಲಬುರಗಿ ಕಡೆಯವರು.

ಹುಡುಗಿ ಫೈಲು ತೆರೆದು, ಇಟ್ಟಿಗೆಯ ರಾಶಿಯ ಮೇಲೆ ಕೂತಿದ್ದ ಹೆಂಗಸನ್ನು ಕೇಳಿದಳು: “ಮುಂದಿನ ಮೂರು ಮಂಥ್‌ನಲ್ಲಿ ಬೆಲೆ ಎಷ್ಟು... ಪರ್ಸೆಂಟ್... ಏರುತ್ತೆ ಅಂತ ನಿಮಗೆ ಅನ್ನಿಸುತ್ತೆ?”

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, “ನೀವ್ ಯಾರ ಪೈಕಿ?” ಎಂದಳು.

“ನಾವು... ಬಡ್ಡಿ ದರ ಡಿಸೈಡ್ ಮಾಡುವ ಆಫೀಸಿನವರು.”

“ಹೌದಾ? ಬೆಲಿ ಏರ್ತದೋ ಇಲ್ಲೋ ನಿಮಗ ಗೊತ್ತಿಲ್ಲೇನು?”

“ಇಲ್ಲ.”

“ಯಾರಿಗೂ?”

“ಯಾರಿಗೂ ಖಚಿತವಾಗಿ ಗೊತ್ತಿಲ್ಲ,” ಎಂದು ನಾನು ಪೂರ್ತಿ ವಾಕ್ಯದಲ್ಲಿ ಹೇಳಿದೆ.

ಆಕೆ ನಮ್ಮಿಬ್ಬರನ್ನೂ ಮರುಕದಿಂದ ನೋಡಿ, ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. “ಕುಂದರ್ರಿ. ಪರ್ಸೆಂಟು ನನಗ ತಿಳಿಯಂಗಿಲ್ಲ. ಒಂದ್ ಮಾತ್ ಹೇಳ್ತೀನಿ, ಬರಕೋರಿ. ನಮ್ಮನ್ನ ಕೆಲಸಕ್ಕ ಹಚ್ಚೋ ಮುಕಾದಮ ಬೈದ್ರ ಕೆಲಸ ಕಡಿಮಿ ಐತಂತ ತಿಳೀರಿ. ತಾನ ಕರದು ಚಹಾ ಕುಡಿಸಿದ್ರ ಕೆಲಸ ರಗಡ್ ಬಂದೈತಿ, ಮಂದಿ ಸಾಲೋದಿಲ್ಲ. ನಾವು ಚಹಾದ ಮ್ಯಾಲೇ ಊರಿಂದ ತಂಗಿನ್ನ ಕರಸೋದು, ಬಿಡೋದು.”

ಹುಡುಗಿ ಅದನ್ನು ಅಕ್ಷರಶಃ ಬರೆದುಕೊಂಡಳು. ಚೀಫ್‌ಗೆ ಬಹಳ ಮೆಚ್ಚುಗೆಯಾಯಿತು. ಮೂವತ್ತು ಪುಟದ ಕೋಷ್ಟಕಗಳಿಗಿಂತ ಇದು ಸ್ಪಷ್ಟವಾಗಿದೆ ಎಂದು ವರದಿಗೆ ಸೇರಿಸಿದರು. ಖುಷಿಯಲ್ಲಿ ಅವತ್ತು ಸಂಜೆ ಇಡೀ ವಿಭಾಗಕ್ಕೆ ತಮ್ಮ ಖರ್ಚಿನಲ್ಲಿ ಚಹಾ ತರಿಸಿದರು.

ಯಾರೂ ಲೋಟ ಮುಟ್ಟಲಿಲ್ಲ.

೪. ಎರಡು ಇಡ್ಲಿ

ಇನ್ನು ಹೇಳುವುದು ನಿವೃತ್ತಿಗೆ ಕೆಲವೇ ತಿಂಗಳ ಮೊದಲು ನಡೆದದ್ದು.

ದಾದರ್ ಸ್ಟೇಷನ್ನಿನ ಹೊರಗೆ ಉಡುಪಿ ಕಡೆಯ ಗಂಡ ಹೆಂಡತಿ ನಡೆಸುವ ಒಂದು ಹೋಟೆಲಿದೆ. ಇಪ್ಪತ್ತು ವರ್ಷದಿಂದ ಬೆಳಿಗ್ಗೆ ಎಂಟೂ ಹತ್ತಕ್ಕೆ ನಾನು ಅಲ್ಲಿ ಎರಡು ಇಡ್ಲಿ ತಿಂದು, ನಂತರ ಲೋಕಲ್ ಹತ್ತುತ್ತಿದ್ದೆ. ಚಟ್ನಿ ಬೇರೆ ಬಟ್ಟಲಲ್ಲಿ, ಸಾಂಬಾರ್ ಬೇಡ, ಫೋರ್ಕ್ ಮತ್ತು ಚಮಚ. ಬೆಳಿಗ್ಗೆ ಗಲ್ಲಾದಲ್ಲಿ ಹೆಂಡತಿ ಕೂರುತ್ತಿದ್ದರು. ಗಂಡ ಅಡುಗೆಮನೆಗೂ ಹೊರಗೂ ಓಡಾಡುತ್ತಿದ್ದರು.

ಯಜಮಾನರಿಗೆ ದಹಿಸರ್‌ನಲ್ಲಿ ಇನ್ನೊಂದು ಹೋಟೆಲ್ ಮಾಡುವ ಆಸೆ. ನಾವು ಸಮೀಕ್ಷೆಗೆ ಹೋಗಿದ್ದ ಆ ಬಿಲ್ಡಿಂಗೇ ಎದ್ದು ನಿಂತಿತ್ತು. ಅದರ ಕೆಳಗಿನ ಮೂಲೆಯಂಗಡಿ ಅವರ ಕಣ್ಣಿಗೆ ಬಿದ್ದಿತ್ತು. ಬ್ಯಾಂಕು ಸಾಲ ಕೊಡಲು ಒಪ್ಪಿತ್ತು. ಆದರೆ ಕಂತು ಬಡ್ಡಿ ದರದ ಜೊತೆ ಏರಿಳಿಯುವಂಥದ್ದು. ದರ ಇಳಿದರೆ ನಿಭಾಯಿಸಬಹುದು, ಇಲ್ಲದಿದ್ದರೆ ಕಷ್ಟ. ಕಾಗದಕ್ಕೆ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಬೇಕಿತ್ತು. ಅಂಗಡಿಯ ಮಾಲೀಕ ಗುರುವಾರ ಸಂಜೆಯವರೆಗೆ ಮಾತ್ರ ಗಡುವು ಕೊಟ್ಟಿದ್ದ. ಮೊಬೈಲ್ ಅಂಗಡಿಯವನೊಬ್ಬ ಕಾದು ನಿಂತಿದ್ದನಂತೆ. ನಮ್ಮಲ್ಲಿ ದರ ಪ್ರಕಟವಾಗುವುದು ಶುಕ್ರವಾರ ಬೆಳಿಗ್ಗೆ.

ಸೋಮವಾರ ಯಜಮಾನರು ನನ್ನ ಟೇಬಲ್ಲಿಗೆ ಬಂದು ಮೆಲ್ಲಗೆ ಹೇಳಿದರು: “ಮೇಡಂ, ನೀವು ಬಾಯಿ ಬಿಡುವುದು ಬೇಡ. ಇಳಿಯುವುದಾದರೆ ಒಮ್ಮೆ ತಲೆ ಅಲ್ಲಾಡಿಸಿ, ಸಾಕು.”

ನಾನು ತಲೆಯನ್ನು ಎತ್ತ ಕಡೆಗೂ ಅಲ್ಲಾಡಿಸದೆ ಇಡ್ಲಿ ತಿಂದೆ. ಸಂಜೆ ಕುತ್ತಿಗೆಗೆ ಮುಲಾಮು ಹಚ್ಚಬೇಕಾಯಿತು.

ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ಆ ಆರು ಜನರ ಮನಸ್ಸಿನಲ್ಲಿ ಏನಿದೆ ಎಂಬುದು ಅವರಿಗೇ ಶುಕ್ರವಾರದ ಹೊತ್ತಿಗೆ ಗೊತ್ತಾಗುತ್ತಿತ್ತು. ಮೂವತ್ತೊಂದು ವರ್ಷವೂ ನಾನು ದರವನ್ನು ಟಿವಿಯಲ್ಲೇ ನೋಡಿದವಳು. ಆದರೆ ‘ಗೊತ್ತಿಲ್ಲ’ ಎನ್ನುವುದೂ ಒಂದು ಹೇಳಿಕೆಯೇ. ಹೇಳಲಿಲ್ಲ.

ಯಜಮಾನತಿ ಗಂಡನಿಗೆ ಗಲ್ಲಾದಿಂದಲೇ ತೀರ್ಪು ಕೊಟ್ಟರು. “ಸುಮ್ಮನೆ ಯಾಕೆ ಅವರನ್ನು ಪೀಡಿಸುವುದು ಮಾರಾಯ್ರೆ? ತಟ್ಟೆ ನೋಡಿದರೆ ಗೊತ್ತಾಗುದಿಲ್ವಾ? ಇಪ್ಪತ್ತು ವರ್ಷದಿಂದ ಎರಡೇ ಇಡ್ಲಿ. ಮೇಡಂ ಇಡ್ಲಿ ತಿನ್ನುವ ತನಕ ಎಂಥದ್ದೂ ಬದಲಾಗುದಿಲ್ಲ. ಅವರು ಬೇರೆ ತಿಂದ ದಿವಸ ನಾನು ಸಹಿ ಹಾಕ್ತೇನೆ.”

ಮಂಗಳವಾರ ಇಡ್ಲಿ ತಿಂದೆ. ಬುಧವಾರವೂ ಇಡ್ಲಿ ತಿಂದೆ. ಅಭ್ಯಾಸ ಬದಲಿಸಿದರೆ ಅದೇ ಸೂಚನೆಯಾಗುತ್ತಿತ್ತು. ಯಜಮಾನರು ದಿನದಿನಕ್ಕೆ ಬಾಡುತ್ತಿದ್ದರು. ನನಗೆ ಕನಿಕರವಾಗದೆ ಇರಲಿಲ್ಲ. ಆದರೆ ಕನಿಕರಕ್ಕೂ ನಿಯಮಕ್ಕೂ ಬೇರೆ ಬೇರೆ ತಟ್ಟೆ.

ಗುರುವಾರ ಎಂಟೂ ಹತ್ತಕ್ಕೆ ಕೂತೆ. ಹಳೆಯ ವೇಟರ್ ಬಂದು, ಗೋಡೆ ನೋಡುತ್ತಾ, “ಇಡ್ಲಿ ಮುಗಿದಿದೆ ಮೇಡಂ,” ಎಂದರು.

ಬೆಳಿಗ್ಗೆ ಎಂಟೂ ಹತ್ತಕ್ಕೆ ಉಡುಪಿ ಹೋಟೆಲಿನಲ್ಲಿ ಇಡ್ಲಿ ಮುಗಿಯುವುದನ್ನು ನಾನು ಕೇಳಿರಲಿಲ್ಲ. “ಹೇಗೆ ಮುಗಿಯಿತು?”

“ದೊಡ್ಡ ಪಾರ್ಸೆಲ್ ಹೋಯಿತು.”

“ಬೇರೆ ಏನಿದೆ?”

“ಮಸಾಲೆ ದೋಸೆ ಮಾತ್ರ ಉಂಟು.”

ಎಂಟೂ ಮೂವತ್ತೆರಡರ ಲೋಕಲ್ ಹಿಡಿಯಬೇಕಿತ್ತು. ಮಸಾಲೆ ದೋಸೆ ತರಿಸಿದೆ. ಅದು ಮೇಜಿನ ಮೇಲೆ ಬಂದ ಕ್ಷಣ ಯಜಮಾನತಿ ಗಲ್ಲಾದಿಂದ ಎದ್ದು ನಿಂತರು. ನಾನು ಅಭ್ಯಾಸದಂತೆ ಕೊನೆಯ ಚೂರಿನವರೆಗೂ ಮುಗಿಸಿ ಚಮಚ ಜೋಡಿಸಿಟ್ಟೆ. ಅವರು ಒಳಗೆ ನೋಡಿ ಗಂಡನಿಗೆ ತುಳುವಿನಲ್ಲಿ ಏನೋ ಹೇಳಿದರು. ನನಗೆ ತುಳು ಬರುತ್ತದೆ. ಬೇರೆಯವರ ಮಾತು ಕೇಳಿಸಿಕೊಳ್ಳಬಾರದು ಎಂದು ಕಲಿಸಿದ್ದಾರೆ, ಆದರೂ ಕೇಳಿಸಿತು. “ಪೂರ್ತಿ ತಿಂದಿದ್ದಾರೆ. ಇಳಿತ ಸಣ್ಣದಲ್ಲ. ಕಾಗದ ತನ್ನಿ.”

೫. ಮುಂದಿನ ಸಲದ ಸೂಚನೆ

ಶುಕ್ರವಾರ ದರ ಇದ್ದಲ್ಲೇ ಇತ್ತು.

ಶನಿವಾರ ಹೋಟೆಲಿಗೆ ಹೋಗಲು ನನಗೆ ಕಾಲು ಬರಲಿಲ್ಲ. ಆದರೂ ತಪ್ಪು ತಿದ್ದುವುದು ನನ್ನ ವೃತ್ತಿ. ಹೋಗಿ ಗಲ್ಲಾದ ಮುಂದೆ ನೆಟ್ಟಗೆ ನಿಂತು, “ಗುರುವಾರದ ವಿಷಯ ಒಂದು ಸ್ಪಷ್ಟನೆ ಕೊಡಬೇಕು. ಇಡ್ಲಿ...” ಎಂದು ಶುರುಮಾಡಿದೆ.

ಯಜಮಾನರು ಒಳಗಿನಿಂದ ಓಡಿ ಬಂದು ನನ್ನ ಕೈಗೆ ಕಾಫಿ ಕೊಟ್ಟರು. “ಅದೆಲ್ಲ ಈಗ ಯಾಕೆ ಮೇಡಂ? ಬಿಡಿ, ಬಿಡಿ, ಕೂತುಕೊಳ್ಳಿ.” ಮುಜುಗರ ತಪ್ಪಿಸುವ ಸೌಜನ್ಯ ಎಂದು ನಾನು ತಿಳಿದೆ.

ಯಜಮಾನತಿಗೆ ಏನೂ ಬೇಸರವಿದ್ದಂತೆ ಕಾಣಲಿಲ್ಲ. “ನಮಗೆ ಅರ್ಥ ಆಯಿತು ಮೇಡಂ. ನೀವು ಹೇಳಿದ್ದು ಈ ಸಲದ್ದಲ್ಲ, ಮುಂದಿನ ಸಲದ್ದು.”

“ನಾನು ಏನೂ ಹೇಳಿಲ್ಲ.”

“ಅದೇ. ಹೇಳದೆ ಇರುವುದೂ ಎಷ್ಟು ಚಂದ ಹೇಳ್ತೀರಿ.”

ಟಿವಿಯಲ್ಲಿ ಕೋಟು ಹಾಕಿಕೊಂಡು ಕೂರುವ ವಿಶ್ಲೇಷಕರು ಅವತ್ತು ಬೆಳಿಗ್ಗೆ ಇದೇ ಮಾತನ್ನು ಅರ್ಧ ಗಂಟೆ ಹೇಳಿದ್ದರು.

೬. ಪೂರೈಕೆಯ ಕೊರತೆ

ದೋಸೆಯ ಸುದ್ದಿ ಸ್ಟೇಷನ್ ರೋಡಿನಲ್ಲಿ ಹಬ್ಬಿತ್ತೆಂದು ನನಗೆ ತಿಳಿದದ್ದು ಒಂದು ತಿಂಗಳ ಮೇಲೆ. ಬಾಂದ್ರಾದ ಹುಡುಗಿ ದಹಿಸರ್ ಸಮೀಕ್ಷೆ ಮುಗಿಸಿ ಬಂದು ನನ್ನ ಮೇಜಿನ ಮೇಲೆ ಕರಡು ಇಟ್ಟಳು. ‘ದಹಿಸರ್‌ನ ಹೊಸ ಕಟ್ಟಡದ ಸುತ್ತ ಸಣ್ಣ ವ್ಯಾಪಾರಿಗಳ ವಿಶ್ವಾಸ ಗಣನೀಯವಾಗಿ ಏರಿದೆ. ದಾದರ್‌ನ ಸೀರೆ, ಸ್ಟೇಷನರಿ, ಪಾತ್ರೆ ಅಂಗಡಿಯವರು ಅಲ್ಲಿ ಶಾಖೆ ತೆರೆಯುತ್ತಿದ್ದಾರೆ. ಕಾರಣ ತಿಳಿದುಬಂದಿಲ್ಲ.’

“ಕಾರಣ ಕೇಳಲಿಲ್ಲವೇ?” ಎಂದೆ.

“ಕೇಳಿದೆ ಆಂಟಿ... ಸಾರಿ, ಮೇಡಂ. ಎಲ್ಲರೂ ನಕ್ಕು, ‘ಮೇಲಿಂದ ಖಬರ್ ಬಂದಿದೆ’ ಅಂದರು.”

ನಾನು ಕೆಂಪು ಪೆನ್ನು ಕೆಳಗಿಟ್ಟೆ. ವ್ಯಾಪಾರ ಇಷ್ಟು ಚುರುಕಾಗಿದೆ ಎಂಬ ವಾಕ್ಯ ಆ ಆರು ಜನರ ಮುಂದೆ ಹೋದರೆ, ‘ಹಾಗಾದರೆ ದರ ಇಳಿಸುವ ಅಗತ್ಯವೇನು?’ ಎಂದು ಅವರು ಕೇಳುವುದು ಸಹಜ. ನನ್ನ ದೋಸೆಯನ್ನು ನಂಬಿ ಸಾಲ ಮಾಡಿದವರಿಗೆ, ಅದೇ ದೋಸೆಯ ಕಾರಣಕ್ಕೆ ದರ ಇಳಿಯದೆ ಹೋಗುತ್ತಿತ್ತು.

ನೇರ ಚೀಫ್ ಕೋಣೆಗೆ ಹೋದೆ. ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ದೋಸೆಯನ್ನೇ ಯಾಕೆ ತಿಂದಿರಿ?”

“ಇಡ್ಲಿ ಮುಗಿದಿತ್ತು.”

“ಅಂದರೆ ನಿಮ್ಮ ಬೇಡಿಕೆ ಬದಲಾಗಿರಲಿಲ್ಲ.”

“ಇಲ್ಲ.”

“ಹಾಗಾದರೆ ಇದು ಪೂರೈಕೆಯ ಕೊರತೆ.” ಅವರ ಮುಖ ತಿಳಿಯಾಯಿತು. ಕರಡನ್ನು ಎಳೆದುಕೊಂಡು ತಾವೇ ಬರೆದರು: ‘ದಹಿಸರ್‌ನ ಚಟುವಟಿಕೆಯನ್ನು ಬೇಡಿಕೆಯ ಏರಿಕೆ ಎಂದು ಭಾವಿಸಬಾರದು. ದಾದರ್ ಪ್ರದೇಶದಲ್ಲಿ ಉಪಾಹಾರದ ಪೂರೈಕೆಯಲ್ಲಿ ಉಂಟಾದ ತಾತ್ಕಾಲಿಕ ಕೊರತೆಯಿಂದ ವ್ಯಾಪಾರಿಗಳ ನಿರೀಕ್ಷೆಗಳು ಸ್ವಲ್ಪ ಮಟ್ಟಿಗೆ ಪ್ರಭಾವಿತವಾದಂತೆ ಕಾಣುತ್ತದೆ.’

ನಾನು ವಾಕ್ಯವನ್ನು ಎರಡು ಸಲ ಓದಿದೆ. ತಿದ್ದುವುದಕ್ಕೆ ಏನೂ ಇರಲಿಲ್ಲ. ವರದಿ ಅಚ್ಚಿಗೆ ಹೋಯಿತು. ಮುಂದಿನ ಸಭೆಯ ಶುಕ್ರವಾರ ಟಿವಿಯಲ್ಲಿ ನೋಡಿದೆ: ದರ ಇಳಿದಿತ್ತು.

೭. ನಮ್ಮ ವಿಭಾಗಕ್ಕೆ ಬರುವುದಿಲ್ಲ

ದಹಿಸರ್ ಹೋಟೆಲಿನ ಪ್ರಾರಂಭಕ್ಕೆ ನನಗೆ ಮೊದಲ ಕುರ್ಚಿ ಹಾಕಿದ್ದರು. ಯಜಮಾನತಿ ಹೊಸ ಗಲ್ಲಾದ ಹಿಂದೆ ರೇಷ್ಮೆ ಸೀರೆ ಉಟ್ಟು ಕೂತಿದ್ದರು. ಸೀರೆ, ಸ್ಟೇಷನರಿ, ಪಾತ್ರೆ ಅಂಗಡಿಯವರೆಲ್ಲ ಸಾಲಾಗಿ ನಿಂತು ನಾನು ಏನು ತರಿಸುತ್ತೇನೆ ಎಂದು ನೋಡುತ್ತಿದ್ದರು. ನಾನು ಬಿಸಿನೀರು ಕೇಳಿದೆ. ಅವರ ನಡುವೆ ಗುಸುಗುಸು ಹಬ್ಬಿತು.

ಯಜಮಾನರು ನೀರಿನ ಲೋಟ ತಂದಿಟ್ಟಾಗ ಹೇಳಿಬಿಟ್ಟೆ. “ನೋಡಿ, ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಅವತ್ತು ನಾನು ಯಾವ ಸೂಚನೆಯನ್ನೂ ಕೊಟ್ಟಿರಲಿಲ್ಲ. ಇಡ್ಲಿ ಮುಗಿದಿತ್ತು, ಅಷ್ಟೇ.”

ಅವರು ಗಲ್ಲಾದ ಕಡೆ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

“ಮುಗಿದಿರಲಿಲ್ಲ ಮೇಡಂ.”

“ಏನು?”

“ಒಳಗೆ ಎರಡು ಪಾತ್ರೆ ತುಂಬಾ ಇತ್ತು. ನಿಮಗೆ ಇಲ್ಲ ಅನ್ನಲಿಕ್ಕೆ ವೇಟರಿಗೆ ನಾನೇ ಹೇಳಿದ್ದು. ಏನು ಮಾಡುವುದು? ನಿಮ್ಮ ತಟ್ಟೆ ಬದಲಾಗದೆ ಇವಳು ಸಹಿ ಹಾಕುವವಳಲ್ಲ, ಸಹಿ ಹಾಕದಿದ್ದರೆ ಅಂಗಡಿ ಮೊಬೈಲಿನವನಿಗೆ ಹೋಗ್ತದೆ. ಇವಳಿಗೆ ಮಾತ್ರ ಹೇಳಬೇಡಿ.”

ನಾನು ಬಿಸಿನೀರು ಪೂರ್ತಿ ಕುಡಿದೆ. ಮೌನದ ವಾರಕ್ಕೆ ಒಂದು ಕೊನೆಯ ದಿನವಾದರೂ ಇರುತ್ತಿತ್ತು. ಈ ಮೌನಕ್ಕೆ ಅದೂ ಇಲ್ಲ. ಆಕೆಗೆ ಹೇಳಲಿಲ್ಲ. ಆಕೆ ಕನ್ನಡ ಪುಸ್ತಕ ಓದುವವರಲ್ಲ ಎಂದು ಖಚಿತಪಡಿಸಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಆದರೆ ವರದಿಯ ಗತಿ ಏನು? ಇರದ ಕೊರತೆಯನ್ನು ಇತ್ತು ಎಂದು ಅಚ್ಚು ಹಾಕಿದ್ದೆವು. ನನ್ನ ಕೈ ದಾಟಿ ಹೋದ ವರದಿಗಳಲ್ಲಿ ಹಿಂದೆಂದೂ ಹೀಗಾಗಿರಲಿಲ್ಲ. ಸೋಮವಾರ ಬೆಳಿಗ್ಗೆ ಚೀಫ್ ಮುಂದೆ ನಿಂತು, ಇಡ್ಲಿ ಅಡುಗೆಮನೆಯಲ್ಲೇ ಇತ್ತೆಂದೂ, ಕೂಡಲೇ ತಿದ್ದೋಲೆ ಹೊರಡಿಸಬೇಕೆಂದೂ ಕೋರಿದೆ.

ಚೀಫ್ ಪೆನ್ನಿನ ಮುಚ್ಚಳ ಹಾಕಿದರು.

“ಸರಕು ಒಳಗೆ ಇಟ್ಟುಕೊಂಡು ಗಿರಾಕಿಗೆ ಇಲ್ಲ ಅಂದರೆ ಅದು ಪೂರೈಕೆಯ ಕೊರತೆ ಅಲ್ಲ ಮೇಡಂ,” ಎಂದರು. “ಅಕ್ರಮ ದಾಸ್ತಾನು. ಅದು ನಮ್ಮ ವಿಭಾಗಕ್ಕೆ ಬರುವುದಿಲ್ಲ.”